ಹಾಲೂಡುವ ಕುರಿಯ ಹಿಕ್ಕೆ

"ಗುರುಗಳೇ, ನಾವೆಲ್ಲರೂ ಒಂದೇ ಬಾವಿಯ ನೀರು ಕುಡಿಯುತ್ತೇವೆ, ಒಂದೇ ಕೊಪ್ಪರಿಗೆಯ ಅನ್ನ ಉಣ್ಣುತ್ತೇವೆ. ಹಾಗಿದ್ದೂ ಹುಳು ಒಬ್ಬರ ಹೊಟ್ಟೆಯಲ್ಲಿ ಮಾತ್ರ ಮನೆ ಮಾಡುವುದು ಏಕೆ?"

ಕೇಳಿದವನು ಅಡವಯ್ಯ. ಮಠದ ದಾಸೋಹದ ಉಸ್ತುವಾರಿ ಅವನದು. ವಯಸ್ಸು ಚಿಕ್ಕದು, ಮಡಿ ದೊಡ್ಡದು.

ಗುರುಗಳು ಜಗಲಿಯ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಿದ್ದರು. ಆ ದಿನ ಅಡುಗೆಮನೆಯಲ್ಲಿ ಕೈ ಸಾಲದೆ ಕೆಲಸ ಜಗಲಿಯವರೆಗೂ ಬಂದಿತ್ತು. ಕೈ ಏಕೆ ಸಾಲಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಕೇಳಿದರು.

"ಯಾರ ಹೊಟ್ಟೆಯ ಮಾತು?"

ಅಡವಯ್ಯ ಹೇಳಿದ. ಪಟ್ಟಣದ ಡಾಕ್ಟರು ಬಂದು ಮಠದವರನ್ನೆಲ್ಲ ಪರೀಕ್ಷೆ ಮಾಡಿದ್ದರು. ಎಲ್ಲರದೂ ಸರಿಯಿತ್ತು. ರೊಟ್ಟಿ ಬಡಿಯುವ ಸಾತವ್ವನ ಹೊಟ್ಟೆಯಲ್ಲಿ ಮಾತ್ರ ಹುಳು ಕಂಡಿತು. ಸಾತವ್ವನ ಕೂಸು ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟು, ಕೆಲವು ದಿನ ಒಲೆಯ ಕೆಲಸ ಬೇಡ, ಕೈ ಸಾಬೂನಿನಿಂದ ತೊಳೆಯಲಿ, ಎಲ್ಲ ಸರಿಹೋಗುತ್ತದೆ ಎಂದು ಹೇಳಿ ಹೋದರು. ಅಡವಯ್ಯ ಅಷ್ಟಕ್ಕೆ ಬಿಡಲಿಲ್ಲ. ಪಂಕ್ತಿ ಕೂತಿದ್ದಾಗ ಎಲ್ಲರಿಗೂ ಕೇಳುವಂತೆ, ನಿನ್ನ ಹೊಟ್ಟೆಯಲ್ಲಿ ಹುಳು ಇದೆ, ಒಲೆಯ ಮುಂದಿನಿಂದ ಏಳು ಎಂದ. ಸಾತವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಕೂಸನ್ನು ಎತ್ತಿಕೊಂಡು ದನದ ಕೊಟ್ಟಿಗೆಗೆ ಹೋಗಿ ಕೂತಳು. ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಅವಳನ್ನು ಮಠದಿಂದಲೇ ಕಳಿಸಿಬಿಡಬೇಕು ಎಂಬುದು ಈಗ ಅಡವಯ್ಯನ ಮನಸ್ಸು. ಅಪ್ಪಣೆ ಕೇಳಲು ಬಂದಿದ್ದ.

"ಮದ್ದು ಕೊಟ್ಟದ್ದು ಸರಿ," ಎಂದರು ಗುರುಗಳು. "ಒಲೆಯಿಂದ ದೂರ ಇಟ್ಟದ್ದೂ ಸರಿ. ಪಂಕ್ತಿಯ ಮುಂದೆ ಕೂಗಿದ್ದು ಯಾವ ರೋಗಕ್ಕೆ ಮದ್ದು?"

"ಉಳಿದವರಿಗೂ ತಿಳಿಯಲಿ ಎಂದು ಹೇಳಿದೆ. ಅವಳಲ್ಲಿ ಏನೋ ಹೊಲಸು ಇರಲೇಬೇಕು, ಗುರುಗಳೇ. ಇಲ್ಲದಿದ್ದರೆ ನಮ್ಮಲ್ಲಿ ನಿಲ್ಲದ ಹುಳು ಅವಳಲ್ಲಿ ಹೇಗೆ ನಿಂತಿತು?"

"ಸಾತವ್ವನ ಹೊಟ್ಟೆಯ ಸಂಗತಿ ನಾನು ಹೇಳಲಾರೆ. ಕುರಿಯ ಹೊಟ್ಟೆಯದು ಅಷ್ಟಿಷ್ಟು ಗೊತ್ತು. ಕೂತುಕೋ. ಸುಮ್ಮನೆ ಕೂತು ಕೇಳಬೇಡ, ತೊಗರಿಕಾಯಿ ಸುಲಿ."

ಅಡವಯ್ಯ ಕೂತ. ಗುರುಗಳು ಹೇಳತೊಡಗಿದರು.

ಒಂದು ಸೀಮೆಯಲ್ಲಿ ಒಬ್ಬ ಕುರಿಗಾರನಿದ್ದ. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಊರೂರು ತಿರುಗುತ್ತಿದ್ದ. ರೈತರು ಕರೆದು ತಮ್ಮ ಹೊಲದಲ್ಲಿ ಕುರಿ ಮಲಗಿಸಿಕೊಳ್ಳುತ್ತಿದ್ದರು. ಕುರಿ ಮಲಗಿದ ನೆಲದಲ್ಲಿ ಹಿಕ್ಕೆ ಬೀಳುತ್ತದೆ, ಗಂಜಲ ಬೀಳುತ್ತದೆ, ಮುಂದಿನ ಬೆಳೆ ಚೆನ್ನಾಗಿ ಏಳುತ್ತದೆ. ಅದಕ್ಕೆ ಪ್ರತಿಯಾಗಿ ರೈತ ಜೋಳ ಕೊಡುತ್ತಾನೆ. ಕುರಿಗಾರನ ಮನೆ ನಡೆಯುವುದು ಆ ಜೋಳದಿಂದ.

ಆ ಸೀಮೆಯಲ್ಲಿ ಕುರಿಗಾರನ ಮಾನ ಅವನ ರುಮಾಲಿನಲ್ಲಿ ಇರುವುದಿಲ್ಲ, ಕುರಿಯ ಹಿಕ್ಕೆಯಲ್ಲಿ ಇರುತ್ತದೆ. ರೈತ ಮುಂಜಾನೆ ಹೊಲಕ್ಕೆ ಬಂದು ಒಂದು ಹಿಡಿ ಹಿಕ್ಕೆ ಎತ್ತಿ ಬೆರಳಲ್ಲಿ ಒಡೆದು ನೋಡುತ್ತಾನೆ. ಕಡಲೆ ಚೆಲ್ಲಿದ ಹಾಗೆ ಗಟ್ಟಿಯಾಗಿ, ಬಿಡಿಬಿಡಿಯಾಗಿ ಇದ್ದರೆ ಹಿಂಡು ಒಳ್ಳೆಯದು. ಈ ಕುರಿಗಾರನ ಹಿಂಡಿನ ಹಿಕ್ಕೆಗೆ ಹತ್ತೂರಲ್ಲಿ ಹೆಸರಿತ್ತು. ನಗಬೇಡ ಅಡವಯ್ಯ. ನಿನ್ನ ಮಡಿಗೂ ಹತ್ತೂರಲ್ಲಿ ಹೆಸರಿದೆ.

ಒಂದು ವರ್ಷ ಕುರಿಗಳು ಮರಿ ಹಾಕಿದ ಕಾಲದಲ್ಲಿ ಒಬ್ಬ ರೈತ ಹೊಲಕ್ಕೆ ಬಂದು ಹಿಕ್ಕೆ ಎತ್ತಿದ. ಅದು ಕೈಗೆ ಅಂಟಿತು. ಅಂಬಲಿಯ ಹಾಗೆ ತೆಳ್ಳಗಿತ್ತು. ಅದರಲ್ಲಿ ದಾರದ ಎಳೆಯಂಥ ಬಿಳಿಯ ಹುಳುಗಳು ಹೊರಳುತ್ತಿದ್ದವು. ರೈತ ಕೈ ಕೊಡವಿ, ದಾರಿಯಲ್ಲಿ ಹೋಗುತ್ತಿದ್ದವರನ್ನೆಲ್ಲ ಕರೆದ.

"ನಿನ್ನ ಹಿಂಡು ನನ್ನ ಹೊಲದಾಗ ಹುಳಾ ಬಿತ್ತೈತಿ," ಎಂದ. "ಜ್ವಾಳಾ ಕೇಳಬ್ಯಾಡ. ಮೊದಲ ಜಾಗಾ ಖಾಲಿ ಮಾಡು."

ಕುರಿಯ ಹುಳು ಜೋಳದ ಬೇರನ್ನು ತಿನ್ನುವುದಿಲ್ಲ. ಅದನ್ನು ಹೇಳಲು ಕುರಿಗಾರನಿಗೆ ಬಾಯಿ ಬರಲಿಲ್ಲ. ಮಾನ ಹೋಗುವಾಗ ವಿವರ ಯಾರಿಗೆ ಬೇಕು? ಊರವರು ನೋಡುತ್ತಿದ್ದಂತೆಯೇ ಕುರಿಗಳಿಗೆ ಬೇಲಿಯಂತೆ ಕಟ್ಟಿದ್ದ ಹಟ್ಟಿಯ ಬಲೆ ಸುತ್ತಿದ. ಹಿಂಡಿನ ಹಿಂದೆ ತಲೆ ತಗ್ಗಿಸಿ ನಡೆದ. ದಾರಿಯಲ್ಲಿ ಇನ್ನೊಬ್ಬ ಕುರಿಗಾರ ಸಿಕ್ಕು, ಇಷ್ಟು ಬೇಗ ಏಕೆ ಎದ್ದೆ ಎಂದು ಕೇಳಿದರೆ, ಅಲ್ಲಿಯ ನೀರು ಚೆನ್ನಾಗಿಲ್ಲ ಎಂದು ಸುಳ್ಳು ಹೇಳಿದ. ಹೇಳುವಾಗ ಕಿವಿ ಬಿಸಿಯಾದವು. ಅವಮಾನ ಅವನಿಗೆ ಹೊಸದು. ಹೊಸದಾಗಿ ಅವಮಾನಗೊಂಡವನು ತನ್ನನ್ನು ತಿದ್ದಿಕೊಳ್ಳಲು ಹೋಗುವುದಿಲ್ಲ, ತಪ್ಪು ಯಾರದು ಎಂದು ಹುಡುಕಲು ಹೋಗುತ್ತಾನೆ.

ಮರುದಿನ ಮುಂಜಾನೆ ಅವನು ಹಟ್ಟಿಯ ಬಲೆಯನ್ನು ಸ್ವಲ್ಪವೇ ಸರಿಸಿ ಒಂದೊಂದೇ ಕುರಿಯನ್ನು ಹೊರಗೆ ಬಿಟ್ಟ. ಮಲಗೆದ್ದ ಕುರಿ ಹಿಕ್ಕೆ ಹಾಕಿಯೇ ಮುಂದೆ ಹೋಗುತ್ತದೆ. ಅವನು ಕುಕ್ಕರುಗಾಲಿನಲ್ಲಿ ಕೂತು ನೋಡಿದ. ಗೊಡ್ಡು ಕುರಿಗಳದು ಗಟ್ಟಿ. ಬೀಜ ಒಡೆಸಿದ ಟಗರುಗಳದೂ ಗಟ್ಟಿ. ಮರಿ ಹಾಕಿ ಹಾಲೂಡುತ್ತಿದ್ದ ಕುರಿಗಳದು ಮಾತ್ರ ತೆಳ್ಳಗೆ. ಎಲ್ಲಕ್ಕಿಂತ ಕೆಟ್ಟದ್ದು ಬೂದಿ ಎಂಬ ಕುರಿಯದು. ಅದು ಅವಳಿ ಮರಿ ಹಾಕಿತ್ತು.

ಬೂದಿ ಅವನ ಕುರಿಯಲ್ಲ, ಅವನ ಹೆಂಡತಿಯದು. ಅವರಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಂದೆ ಒಂದು ಹೆಣ್ಣುಕುರಿಯನ್ನು ಜೊತೆಗೆ ಕೊಡುತ್ತಾನೆ. ಅದರ ಕಿವಿಯಲ್ಲಿ ತವರುಮನೆಯ ಸೀಳು ಗುರುತು ಇರುತ್ತದೆ. ಆ ಕುರಿಯೂ ಅದರ ಸಂತಾನವೂ ಹೆಣ್ಣುಮಗಳ ಸೊತ್ತು. ಗಂಡ ಅದನ್ನು ಮೇಯಿಸಬಹುದು, ಮಾರುವ ಹಾಗಿಲ್ಲ.

ಮೊದಲು ಅವನು ಮಾಡಬೇಕಾದದ್ದನ್ನೇ ಮಾಡಿದ. ಮುತ್ತುಗದ ಬೀಜ ಅರೆದು ಬೆಲ್ಲದ ನೀರಿನಲ್ಲಿ ಕಲಸಿ ತಾಯಿಕುರಿಗಳಿಗೆ ಕುಡಿಸಿದ. ಹುಳು ಬಿದ್ದವು. ಅವನಿಗೆ ಜೀವ ಬಂದಂತಾಯಿತು. ಹುಣ್ಣಿಮೆ ಹೋಗಿ ಅಮಾವಾಸ್ಯೆ ಬರುವಷ್ಟರಲ್ಲಿ ಹುಳು ಮತ್ತೆ ಬಂದವು. ಮದ್ದು ಒಳಗಿದ್ದ ಹುಳುವನ್ನು ಹೊರಗೆ ಹಾಕಿತ್ತು, ಬಾಗಿಲು ಕಾಯಲು ನಿಂತಿರಲಿಲ್ಲ. ಗೊಡ್ಡು ಕುರಿಗಳಿಗೆ ಅವನು ಮದ್ದನ್ನೇ ಕೊಟ್ಟಿರಲಿಲ್ಲ, ಅವುಗಳ ಹಿಕ್ಕೆ ಮೊದಲಿನ ಹಾಗೆಯೇ ಗಟ್ಟಿಯಾಗಿತ್ತು. ಆಗ ಅವನು ನೀನು ಬಂದ ತೀರ್ಮಾನಕ್ಕೇ ಬಂದ. ಒಂದೇ ಹುಲ್ಲು, ಒಂದೇ ನೀರು, ಆದರೂ ಇವುಗಳಲ್ಲಿ ಮಾತ್ರ ಹುಳು. ಹಾಗಾದರೆ ಇವುಗಳ ಮೈಯಲ್ಲೇ ಏನೋ ಹೊಲಸಿದೆ.

ಅವನು ಹಿಂಡನ್ನು ಎರಡು ಮಾಡಿದ. ಚೊಕ್ಕ ಕುರಿಗಳಿಗೆ ತೊಗರಿಯ ಹೊಟ್ಟು, ಜಾಲಿಯ ಕಾಯಿ, ಯಾರೂ ಮೇಯಿಸದ ಹೊಸ ಬಯಲು. ಹೊಲಸು ಕುರಿಗಳಿಗೆ ಬೇರೆ ಹಿಂಡುಗಳು ಮೇದು ಬಿಟ್ಟ ಕೆರೆಯಂಗಳದ ಗಿಡ್ಡ ಹುಲ್ಲು. ಹುಳುವಿನ ಮರಿಗಳು ಹೆಚ್ಚಾಗಿ ಇರುವುದು ಹುಲ್ಲಿನ ಬುಡದಲ್ಲಿ. ಹೀಗಾಗಿ ಆ ಕುರಿಗಳಿಗೆ ಸಿಕ್ಕ ಮೇವು ಕಡಿಮೆ, ನುಂಗಿದ ಹುಳು ಹೆಚ್ಚು. ಅವು ಇನ್ನಷ್ಟು ಬಡವಾದವು. ಗದ್ದದ ಕೆಳಗೆ ನೀರು ತುಂಬಿ ಬಾತವು. ಹಿಕ್ಕೆ ಇನ್ನಷ್ಟು ತೆಳ್ಳಗಾಯಿತು. ನಾನು ಹೇಳಿದ್ದೇ ನಿಜವಾಯಿತು ನೋಡು ಎಂದು ಹೆಂಡತಿಗೆ ತೋರಿಸಿದ. ಗಾಯದ ಮೇಲೆ ಬರೆ ಎಳೆದು, ಗಾಯ ಏಕೆ ಮಾಯಲಿಲ್ಲ ಎಂದು ಬೈಯುವವರು ಇರುತ್ತಾರೆ. ಕುರಿಗಾರರಲ್ಲಿ ಮಾತ್ರ ಇರುತ್ತಾರೆ ಎಂದುಕೊಳ್ಳಬೇಡ.

ಅಡವಯ್ಯನಿಗೆ ಸುಮ್ಮನಿರಲು ಆಗಲಿಲ್ಲ. "ಆದರೆ ಗೊಡ್ಡು ಕುರಿಗಳಿಗೆ ಹುಳು ಬರಲಿಲ್ಲವಲ್ಲ, ಗುರುಗಳೇ."

"ಬರಲಿಲ್ಲ ಎಂದು ಯಾರು ಹೇಳಿದರು?" ಎಂದರು ಗುರುಗಳು. "ಇದನ್ನು ಆ ಡಾಕ್ಟರೇ ನನಗೆ ಬಿಡಿಸಿ ಹೇಳಿದರು. ನೀನು ಯಾರ ಹೊಟ್ಟೆಯಲ್ಲಿ ಹುಳು ಎಂಬುದನ್ನು ಕೇಳಿಕೊಂಡು ಎದ್ದು ಹೋದೆ. ನಾನು ಏಕೆ ಎಂಬುದನ್ನೂ ಕೂತು ಕೇಳಿದೆ."

ಹುಲ್ಲಿಗೆ ಬಾಯಿ ಹಾಕಿದ ಪ್ರತಿಯೊಂದು ಕುರಿಯ ಹೊಟ್ಟೆಗೂ ಹುಳು ಹೋಗುತ್ತದೆ. ಚೊಕ್ಕ ಕುರಿ ಎಂದರೆ ಹುಳುವನ್ನು ಕಾಣದ ಕುರಿಯಲ್ಲ, ಬಂದ ಹುಳುವನ್ನು ಹೊರಗೆ ಹಾಕಿದ ಕುರಿ. ಮೈಯೊಳಗೆ ಒಂದು ಕಾವಲಿದೆ. ಗಾಯದಲ್ಲಿ ಸೇರುವ, ಕಣ್ಣಿಗೆ ಕಾಣದ ಕ್ರಿಮಿಗಳನ್ನು ಅದು ಹಿಡಿದು ನುಂಗಿಬಿಡುತ್ತದೆ. ಹೊಟ್ಟೆಯ ಹುಳುವನ್ನು ಹಾಗೆ ನುಂಗಲು ಬರುವುದಿಲ್ಲ. ಹುಳು ಆ ಕಾವಲಿನವರಿಗಿಂತ ಎಷ್ಟೋ ಪಾಲು ದೊಡ್ಡದು. ಇರುವೆ ಹಾವನ್ನು ನುಂಗೀತೇ?

ಅದಕ್ಕಾಗಿ ಕರುಳು ಬೇರೆ ಉಪಾಯ ಮಾಡುತ್ತದೆ. ಕರುಳಿನ ಗೋಡೆಯಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಬಗೆಯ ಜೀವಕಣ ಇದೆಯಂತೆ. ನಾಲಿಗೆ ರುಚಿ ನೋಡುವ ಹಾಗೆ ಅದು ಹುಳುವಿನ ಸುಳಿವು ಹಿಡಿಯುತ್ತದೆ. ಸುದ್ದಿ ಕಾವಲಿಗೆ ಹೋಗುತ್ತದೆ. ಕಾವಲಿನಿಂದ ಗೋಡೆಗೆ ಅಪ್ಪಣೆ ಬರುತ್ತದೆ. ಗೋಡೆ ಲೋಳೆ ಸುರಿಸುತ್ತದೆ, ನೀರು ಬಿಡುತ್ತದೆ, ಹಿಂದಿಗಿಂತ ಜೋರಾಗಿ ಮಿಸುಕುತ್ತದೆ. ಹುಳುವಿನ ಹಿಡಿತ ಜಾರುತ್ತದೆ. ಮೊನ್ನೆ ಬಾವಿಯ ಪಾಚಿಗಟ್ಟಿದ ಮೆಟ್ಟಿಲ ಮೇಲೆ ನೀನು ಜಾರಿದೆಯಲ್ಲ, ಹಾಗೆ. ಜಾರಿದ ಹುಳುವನ್ನು ಕರುಳು ಹಿಕ್ಕೆಯ ಜೊತೆಗೆ ಹೊರಗೆ ತಳ್ಳುತ್ತದೆ. ಇದರಲ್ಲಿ ಹೊಡೆದಾಟವಿಲ್ಲ, ಕೂಗಾಟವಿಲ್ಲ.

ಎಷ್ಟು ತಳ್ಳಿದರೂ ಕೆಲವು ಹುಳು ಉಳಿಯುತ್ತವೆ. ಕರುಳು ಅವನ್ನು ಹಾಗೇ ಬಿಡುತ್ತದೆ. ಕೊನೆಯ ಹುಳುವನ್ನೂ ಓಡಿಸಿಯೇ ತೀರುತ್ತೇನೆ ಎಂದು ಹಟ ಹಿಡಿದರೆ ತನ್ನ ಗೋಡೆಯನ್ನೇ ಕೆರೆದು ರಕ್ತ ಮಾಡಿಕೊಳ್ಳಬೇಕಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬ ವಿವೇಕ ಕರುಳಿಗಿದೆ. ಕೆಲವು ಉಸ್ತುವಾರಿಗಳಿಗೆ ಇರುವುದಿಲ್ಲ.

ಈ ಕಾವಲು ಪುಕ್ಕಟೆ ಅಲ್ಲ ಅಡವಯ್ಯ. ಲೋಳೆ ಆಗುವುದು ತಿಂದ ಮೇವಿನಿಂದ. ಸವೆದ ಗೋಡೆ ಮತ್ತೆ ಬೆಳೆಯುವುದು ತಿಂದ ಮೇವಿನಿಂದ. ಹಾಲಾಗುವುದೂ ಅದೇ ಮೇವಿನಿಂದ. ಗೊಡ್ಡು ಕುರಿ ತಿಂದದ್ದನ್ನೆಲ್ಲ ತನ್ನ ಕಾವಲಿಗೆ ಹಾಕಬಲ್ಲದು. ಗೊಡ್ಡಾದದ್ದು ಅದರ ತಪ್ಪಲ್ಲ, ಆದರೆ ಅದರ ಚೊಕ್ಕತನ ಅದರ ಸಾಧನೆಯೂ ಅಲ್ಲ. ಮರಿ ಹಾಕಿದ ಕುರಿಗೆ ತಿಂದದ್ದು ಎರಡಕ್ಕೂ ಸಾಲುವುದಿಲ್ಲ. ಅದು ಬಾಗಿಲ ಕಾವಲನ್ನು ಎಬ್ಬಿಸಿ ಕೆಚ್ಚಲಿಗೆ ಕಳಿಸುತ್ತದೆ. ಹುಳುವನ್ನು ತಳ್ಳುವ ವಿದ್ಯೆ ಅದಕ್ಕೆ ಗೊತ್ತಿಲ್ಲ ಎಂದಲ್ಲ. ಮರಿ ತಾನಾಗಿ ಹುಲ್ಲು ಕಚ್ಚುವವರೆಗೆ ಅದಕ್ಕೆ ತನ್ನ ಬಾಗಿಲಿಗಿಂತ ಮರಿಯ ಬಾಯಿ ಮುಖ್ಯ. ಅವಳಿ ಹಾಕಿದ ಕುರಿಯ ಬಾಗಿಲು ಉಳಿದವುಗಳಿಗಿಂತ ಹೆಚ್ಚು ತೆರೆದಿರುತ್ತದೆ.

ಇದು ಕುರಿಗಾರನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದು ತಪ್ಪಲ್ಲ. ಮುಂದೆ ಮಾಡಿದ್ದು ತಪ್ಪು.

ಬೂದಿಯನ್ನು ಹಿಂಡಿನಿಂದ ತೆಗೆದುಹಾಕಬೇಕು ಎಂದು ಅವನು ನಿಶ್ಚಯಿಸಿದ. ಹೆಂಡತಿಗೆ ಹೇಳಿದ.

"ನಿನ್ನ ತವರಮನಿಯಿಂದ ಬಂದ ಹೊಲಸು ನನ್ನ ಹಿಂಡ ಕೆಡಿಸೇತಿ."

"ಅದು ಎರಡ ಮರಿಗಿ ಹಾಲ ಕುಡಸಾಕತ್ತೈತಿ," ಎಂದಳು ಹೆಂಡತಿ. "ಒಮ್ಮೆ ಅದರ ಮೈ ಮುಟ್ಟಿ ನೋಡ್ರಿ. ಎಲುವ ಬಿಟ್ಟರ ಏನೂ ಉಳದಿಲ್ಲ. ಆಮ್ಯಾಲ ಮಾತಾಡ್ರಿ."

ಅವನು ಮೈ ಮುಟ್ಟಲಿಲ್ಲ. ಹಿಕ್ಕೆ ನೋಡಿದ್ದ, ಅಷ್ಟೇ ಸಾಕಾಗಿತ್ತು. ಹೆಂಡತಿ ಪಕ್ಕದ ಊರಿಗೆ ಜೋಳ ಬೀಸಿಸಿಕೊಂಡು ಬರಲು ಹೋದಾಗ ಬೂದಿಯ ಕೊರಳಿಗೆ ಹಗ್ಗ ಹಾಕಿದ. ಮರಿಗಳನ್ನು ಬಲೆಯೊಳಗೆ ಬಿಟ್ಟ. ಪೇಟೆಯ ಕಟುಕನ ಮನೆಗೆ ಎಳೆದುಕೊಂಡು ಹೋದ.

ಕಟುಕ ಕುರಿಯ ಬೆನ್ನು ಹಿಸುಕಿದ, ತೊಡೆ ಹಿಸುಕಿದ. ಕೆಚ್ಚಲಿಗೆ ಕೈ ಹಾಕಿದ. ಅಂಗೈ ಹಾಲಿನಿಂದ ಒದ್ದೆಯಾಯಿತು. ಅವನು ಕೈಯನ್ನು ಪಂಚೆಗೆ ಒರೆಸಿಕೊಂಡು ಹಗ್ಗವನ್ನು ಕುರಿಗಾರನ ಕೈಗೇ ಕೊಟ್ಟ.

"ನಾ ಕಟುಗ ಖರೇರಿ. ಆದ್ರ ಮರಿ ಕೂಗಾಕತ್ತಿರೂ ಕುರೀನ ಕೊಯ್ಯಾಂಗಿಲ್ಲ. ಮನಿಗಿ ಹೊಡಕೊಂಡ ಹೋಗ್ರಿ."

ಕುರಿಗಾರ ಹೊರಗೆ ಬಂದ. ಕಟುಕನೇ ಬೇಡವೆಂದ ಕುರಿಯನ್ನು ಹಿಡಿದುಕೊಂಡು ಮತ್ತೆ ಅದೇ ಪೇಟೆಯ ನಡುವೆ ಹೋಗಬೇಕು. ಗುರುತಿನವರು ಕೇಳುತ್ತಾರೆ. ಮಾಡುತ್ತಿದ್ದ ಕೆಲಸಕ್ಕೆ ಅವನು ನಾಚಲಿಲ್ಲ, ಮಾಡುವಾಗ ಜನ ನೋಡುತ್ತಾರಲ್ಲ ಎಂದು ನಾಚಿದ. ಊರ ಹಿಂದಿನ ಜಾಲಿಯ ಪೊದೆಗಳ ನಡುವೆ ಕುರಿಯ ಕೊರಳ ಹಗ್ಗ ಬಿಚ್ಚಿದ. ಅದನ್ನು ಅಲ್ಲೇ ಬಿಟ್ಟು ಸುತ್ತುದಾರಿಯಿಂದ ಹಟ್ಟಿಗೆ ಬಂದ. ಬೂದಿ ಮೇಯುತ್ತ ಎಲ್ಲೋ ತಪ್ಪಿಸಿಕೊಂಡಿತು ಎಂದು ಹೆಂಡತಿಗೆ ಹೇಳಿದ. ಅವಳು ಅವನ ಕೈಯಲ್ಲಿದ್ದ ಹಗ್ಗವನ್ನು ನೋಡಿದಳು, ಮರಿಗಳ ಕಡೆ ಹೋದಳು.

ಕುರಿಗೆ ಬುದ್ಧಿ ಕಡಿಮೆ ಎನ್ನುತ್ತಾರೆ. ಆದರೆ ಕೆಚ್ಚಲು ಬಿಗಿದ ಕುರಿ ದಾರಿ ಹುಡುಕಿಕೊಂಡು ಬರುತ್ತದೆ. ಸಂಜೆ ಬೂದಿ ಹಟ್ಟಿಯ ಹತ್ತಿರ ಬಂತು. ಅದು ಕೂಗಿತು. ಬಲೆಯೊಳಗಿನಿಂದ ಮರಿಗಳು ಕೂಗಿದವು. ಹೆಂಡತಿ ನೀರಿಗೆ ಹೋಗಿದ್ದಳು. ಕುರಿಗಾರ ಒಬ್ಬನೇ ಇದ್ದ. ಅದು ಒಳಗೆ ಬಂದರೆ ತನ್ನ ಸುಳ್ಳು ಬಯಲಾಗುತ್ತದೆ, ಹೊಲಸೂ ಹಿಂಡಿಗೆ ಮರಳುತ್ತದೆ. ಅವನು ಕಲ್ಲು ಎತ್ತಿಕೊಂಡ. ಮೊದಲನೆಯದು ಮುಂಗಾಲಿಗೆ ಬಿತ್ತು. ಕುರಿ ಕುಂಟುತ್ತ ಸ್ವಲ್ಪ ದೂರ ಹೋಗಿ ನಿಂತು ಮತ್ತೆ ಕೂಗಿತು. ಅವನು ಇನ್ನೊಂದು ಕಲ್ಲು ಎಸೆದ. ಆಮೇಲೆ ಅದು ಕಾಣಲಿಲ್ಲ.

ಮರಿಗಳು ಹಾಲಿಗಾಗಿ ಗೊಡ್ಡು ಕುರಿಗಳ ಕೆಳಗೆ ಮೂತಿ ತೂರಿಸಿದವು. ಗೊಡ್ಡು ಕುರಿಗಳು ಒದ್ದವು. ಒದೆಯದಿದ್ದರೂ ಅಲ್ಲಿ ಹಾಲಿರಲಿಲ್ಲ. ಉಳಿದ ತಾಯಿಕುರಿಗಳಿಗೆ ತಮ್ಮ ಮರಿಗಳಿಗೇ ಸಾಲುತ್ತಿರಲಿಲ್ಲ. ಹೆಂಡತಿ ಊರಿಂದ ಆಡಿನ ಹಾಲು ತಂದು ಬಟ್ಟೆಯ ಚೂರು ಅದ್ದಿ ಬಾಯಿಗೆ ಇಟ್ಟಳು. ಒಂದು ಮರಿ ಚೀಪಿತು. ಇನ್ನೊಂದು ತಾಯಿಯನ್ನು ಕೂಗುತ್ತಲೇ ಇದ್ದು, ಕೂಗಲಾರದೆ ಮಲಗಿತು, ಏಳಲಿಲ್ಲ. ಕುರಿಗಾರ ಗುಂಡಿ ತೋಡಿದ. ಹೆಂಡತಿ ಮರಿಯನ್ನು ಅದರಲ್ಲಿ ಇಟ್ಟಳು. ಅವನ ಮುಖ ನೋಡಲಿಲ್ಲ. ಆ ದಿನ ಅವನು ರೊಟ್ಟಿ ಮುರಿದು ಹಾಗೇ ಬಿಟ್ಟೆದ್ದ. ಏಕೆ ಎಂದು ತನ್ನನ್ನು ತಾನು ಕೇಳಿಕೊಳ್ಳಲು ಹೆದರಿದ.

ಆಗ ಹೆಂಡತಿಯ ತಂದೆ ಬಂದ. ಅವನೂ ಕುರಿಗಾರ, ಮುದುಕ. ವರ್ಷಕ್ಕೊಮ್ಮೆ ಮಗಳನ್ನು ನೋಡಲು ನಡೆದು ಬರುತ್ತಿದ್ದ. ಈ ಸಲ ಅವನ ಹೆಗಲ ಮೇಲೆ ಒಂದು ಕುರಿ ಇತ್ತು. ಜಾಲಿಯ ಪೊದೆಗಳ ನಡುವೆ ಕೂಗುತ್ತಿದ್ದದ್ದನ್ನು ಕೇಳಿ ಹೋಗಿ ನೋಡಿದ್ದ. ಕಿವಿಯ ಸೀಳಿನಿಂದ ಅದು ತಾನು ಮಗಳಿಗೆ ಕೊಟ್ಟ ಕುರಿ ಎಂದು ಗೊತ್ತಾಗಿತ್ತು. ಹಟ್ಟಿಯ ಮುಂದೆ ಅದನ್ನು ಇಳಿಸಿದ. ಅಕ್ಕಪಕ್ಕದ ಹಟ್ಟಿಯವರೂ ನೋಡಲು ಬಂದು ನಿಂತರು.

"ಅಳಿಯಂದ್ರ, ನಿಮ್ಮ ಕುರಿ ದಾರಿ ತಪ್ಪಿತ್ತರಿ," ಎಂದ ಮುದುಕ. "ಹೊತಗೊಂಡ ಬಂದೇನಿ."

ಕುರಿಗಾರ ಹೂಂ ಎಂದ. ಹೆಂಡತಿ ತಂದೆಯ ಕಾಲಿಗೆ ನೀರು ಕೊಟ್ಟಳು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಅವನು ಕಾದ. ಅವಳು ಉಳಿದ ಒಂದು ಮರಿಯನ್ನು ತಂದು ಬೂದಿಯ ಕೆಳಗೆ ಬಿಟ್ಟಳು. ಕೆಚ್ಚಲು ಬತ್ತುತ್ತ ಬಂದಿತ್ತು. ಮರಿ ಗುದ್ದಿ ಗುದ್ದಿ ಎಳೆದಾಗ ತೊಟ್ಟು ತೊಟ್ಟಾಗಿ ಹಾಲು ಬಂತು. ಬೂದಿ ಇನ್ನೊಂದು ಮರಿಗಾಗಿ ಅತ್ತ ಇತ್ತ ನೋಡಿತು. ಕುರಿಗಾರ ಎದ್ದು ಬಲೆ ಸರಿ ಮಾಡುವ ನೆವದಲ್ಲಿ ಆಚೆ ಹೋದ.

ನೆಂಟನಾಗಿ ಬಂದ ಕುರಿಗಾರನಿಗೆ ಹಿಂಡು ತೋರಿಸುವುದು ಅವರಲ್ಲಿ ವಾಡಿಕೆ. ಮುದುಕ ಚೊಕ್ಕ ಕುರಿಗಳ ನಡುವೆ ನಡೆದ. ಬೆನ್ನ ಮೇಲೆ ಕೈಯಾಡಿಸಿದ. ಕಣ್ಣಿನ ರೆಪ್ಪೆ ಮಡಚಿ ಒಳಗಿನ ಕೆಂಪು ನೋಡಿದ. ಒಂದು ಹಿಡಿ ಹಿಕ್ಕೆ ಎತ್ತಿ ಒಡೆದ.

"ಭಾಳ ಚಂದ ಅದಾವ್ರಿ ಅಳಿಯಂದ್ರ," ಎಂದ. "ಹುಳಾನೂ ಇಲ್ಲ, ಮರೀನೂ ಇಲ್ಲ."

ಅದರಲ್ಲಿ ಚುಚ್ಚುಮಾತು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆದರೆ ಕುರಿಗಾರನ ಮುಖ ಕಪ್ಪಿಟ್ಟಿತು. ಊರೂರಿನ ರೈತರಿಗೆ ಎದೆಯುಬ್ಬಿಸಿ ತೋರಿಸಬೇಕೆಂದು ಅವನು ಸಾಕಿದ್ದು ಇದೇ ಕುರಿಗಳನ್ನು.

ಮುದುಕ ಆಮೇಲೆ ತಾಯಿಕುರಿಗಳ ಕಡೆಗೆ ಹೋದ. ಮಗಳಿಂದ ಹುರುಳಿ ಕೇಳಿ ನೆನೆಹಾಕಿದ. ಜಾಲಿಯ ಕಾಯಿ ಉದುರಿಸಿ ತಂದ. ಎಲ್ಲಕ್ಕೂ ಮೊದಲು ತಾಯಿಕುರಿಗಳಿಗೆ ಹಾಕಿದ, ಹೊಸ ಬಯಲಿಗೂ ಅವುಗಳನ್ನೇ ಮೊದಲು ಬಿಟ್ಟ. ಹೊಲಸು ಕುರಿಗಳಿಗೆ ಏಕೆ ಇಷ್ಟು ಎಂದು ಕುರಿಗಾರ ಮೆಲ್ಲಗೆ ಕೇಳಿದ.

"ಮನಿ ಮಂದಿಗೆಲ್ಲ ಉಣ್ಣಾಕ ನೀಡೂ ಹೆಣಮಗಳು ತಾನ ಉಪಾಸ ಇದ್ರ, ಬಾಗಲಾ ಯಾರ ಕಾಯಬೇಕ್ರಿ?" ಎಂದ ಮುದುಕ.

ಮೇವು ಹೊಟ್ಟೆಗೆ ಬಿದ್ದಂತೆ ಬೂದಿಯ ಮೈ ಹಿಡಿಯಿತು. ಒಂದು ಮುಂಜಾನೆ ಅದರ ಹಿಕ್ಕೆಯ ಜೊತೆಗೆ ಲೋಳೆ ಲೋಳೆಯಾಗಿ ಬಿತ್ತು. ಕುರಿಗಾರ ನೋಡಿ ಗಾಬರಿಯಾದ. ಮುದುಕ ಕಡ್ಡಿಯಿಂದ ಕೆದಕಿ ತೋರಿಸಿದ. ಲೋಳೆಯ ತುಂಬ ಹುಳುಗಳಿದ್ದವು. ಹೊಟ್ಟೆಯ ಕಾವಲು ಮತ್ತೆ ಬಾಗಿಲಿಗೆ ಬಂದಿತ್ತು. ಯಾರೂ ಮದ್ದು ಕೊಟ್ಟಿರಲಿಲ್ಲ. ಆಮೇಲೆ ದಿನದಿಂದ ದಿನಕ್ಕೆ ಹಿಕ್ಕೆ ಗಟ್ಟಿಯಾಯಿತು. ಉಳಿದ ತಾಯಿಕುರಿಗಳೂ ಚೇತರಿಸಿಕೊಂಡವು. ಬೂದಿಯ ಮರಿ ಹುಲ್ಲು ಕಚ್ಚಲು ಕಲಿಯಿತು.

ಮುದುಕ ಹೊರಟ ದಿನ ಕುರಿಗಾರ ಊರ ಗಡಿಯವರೆಗೆ ಜೊತೆಗೆ ಹೋದ. ಕಂಬಳಿಯ ಗಂಟನ್ನು ತಾನೇ ಹೊತ್ತುಕೊಂಡಿದ್ದ. ಗಡಿಯ ಹತ್ತಿರ ಗಂಟು ಕೊಡಲು ನಿಂತ.

"ಮಾವಾರ, ಆ ಕುರಿ ದಾರಿ ತಪ್ಪಿರಲಿಲ್ಲರಿ," ಎಂದ.

"ಗೊತ್ತೈತ್ರಿ ಅಳಿಯಂದ್ರ," ಎಂದ ಮುದುಕ. "ಮುಳ್ಳ ಗೀರಿದ ಗಾಯಾ ಬ್ಯಾರೆ, ಕಲ್ಲ ಬಡದ ಗಾಯಾ ಬ್ಯಾರೆ. ಹೆಗಲ ಮ್ಯಾಲ ಹೊತಗೊಂಡಾಗ ಕಂಡೇನಿ."

"ಮತ್ತ ಅವತ್ತ ಎಲ್ಲಾರ ಮುಂದ ದಾರಿ ತಪ್ಪಿತ್ತು ಅಂದ್ರಿ?"

"ನಿಮ್ಮ ಹೊಟ್ಟ್ಯಾಗಿನ ಹುಳಾ ಹತ್ತ ಮಂದಿ ಮುಂದ ನಾ ಯಾಕ ತೆಗೀಲಿ?" ಎಂದ ಮುದುಕ. ಗಂಟನ್ನು ಹೆಗಲಿಗೆ ಏರಿಸಿಕೊಂಡು ನಡೆದುಬಿಟ್ಟ.

ಕುರಿಗಾರ ಅಲ್ಲೇ ನಿಂತ. ಬೈದಿದ್ದರೆ ಅವನು ಎದುರುತ್ತರ ಕೊಡುತ್ತಿದ್ದ. ಹೊಡೆದಿದ್ದರೂ ಸಹಿಸುತ್ತಿದ್ದ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ರೈತನ ಹೊಲದಲ್ಲಿ ಅವನಿಗೆ ಆದದ್ದು ನಾಚಿಕೆಯಲ್ಲ, ಜನರ ಭಯ. ನಾಚಿಕೆ ಎಂದರೆ ಏನು ಎಂದು ಅವನಿಗೆ ತಿಳಿದದ್ದು ಈ ಗಡಿಯ ಮೇಲೆ, ಅವನ ಮಾನ ಕಾಯ್ದವನ ಬೆನ್ನು ನೋಡುತ್ತ ನಿಂತಾಗ. ಹಟ್ಟಿಗೆ ಮರಳಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಅವಳು, ನನಗೆ ಹಗ್ಗ ನೋಡಿದಾಗಲೇ ಗೊತ್ತಾಗಿತ್ತು ಎಂದಳು. ಅಷ್ಟೇ ಹೇಳಿದಳು. ಗುಂಡಿಯಲ್ಲಿಟ್ಟ ಮರಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆಮೇಲೆ ಅವನು ಬಹಳ ವರ್ಷ ಬದುಕಿದ. ಹಿಂಡಿನ ಹಿಂದೆ ಯಾವಾಗಲೂ ತಲೆ ತಗ್ಗಿಸಿ ನಡೆಯುತ್ತಿದ್ದ. ಎಷ್ಟು ಹುಷಾರಿನ ಕುರಿಗಾರ, ಸದಾ ಹಿಕ್ಕೆ ನೋಡುತ್ತಲೇ ನಡೆಯುತ್ತಾನೆ ಎಂದು ಜನ ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಅವನ ತಲೆ ಇನ್ನಷ್ಟು ತಗ್ಗುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

ಅಡವಯ್ಯನ ಕೈ ಯಾವಾಗಲೋ ನಿಂತಿತ್ತು. ಸುಲಿದ ಕಾಳು, ಸುಲಿಯದ ಕಾಯಿ ಎರಡೂ ಅವನ ಮಡಿಲಲ್ಲಿ ಬೆರೆತು ಬಿದ್ದಿದ್ದವು. ಅವನಿಗೆ ಕೊಟ್ಟಿಗೆಯ ಕಡೆ ನೋಡಲು ಆಗಲಿಲ್ಲ, ಗುರುಗಳ ಕಡೆ ನೋಡಲೂ ಆಗಲಿಲ್ಲ. ಮುಖ ಸುಡುತ್ತಿತ್ತು. ಆದರೂ ಒಳಗಿನ ಉಸ್ತುವಾರಿ ಇನ್ನೂ ಪೂರ್ತಿ ಸೋತಿರಲಿಲ್ಲ. ಸಣ್ಣ ದನಿಯಲ್ಲಿ ಕೇಳಿದ.

"ಹಾಗಾದರೆ ಗುರುಗಳೇ, ಹೊಟ್ಟೆ ಚೊಕ್ಕವಾಗಿರುವುದು ತಪ್ಪೇ?"

"ತಪ್ಪಲ್ಲ ಅಡವಯ್ಯ," ಎಂದರು ಗುರುಗಳು, "ಆ ಚೊಕ್ಕ ಹೊಟ್ಟೆಯಿಂದ ಈವರೆಗೆ ಯಾರ ಹೊಟ್ಟೆ ತುಂಬಿದೆ, ಅದನ್ನು ಹೇಳು."